ಬ್ಯಾರನ್ ಊರಿನಲ್ಲಿ ಮಳೆಯ ತಕರಾರು

ಮೈಸೂರಿನಿಂದ ಮಡಿಕೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 275ರಲ್ಲಿ ಹುಣಸೂರು ದಾಟಿದ ಮೇಲೆ, ಪಿರಿಯಾಪಟ್ಟಣಕ್ಕೆ ಮೊದಲು ಕಂಪಲಾಪುರ ಸಿಗುತ್ತದೆ. ಕೊಡಗಿನ ತಂಪಿಗೆ ಹೊರಟವರು, ಬೈಲುಕುಪ್ಪೆಯ ಚಿನ್ನದ ಬುದ್ಧನನ್ನು ನೋಡಲು ಹೊರಟವರು ಇಲ್ಲಿ ಗಾಡಿ ನಿಲ್ಲಿಸಿದರೆ ಅದು ಟೀಗೆ. ಆದರೆ ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ತಂಬಾಕು ಬೆಳೆಗಾರರಿಗೆ ಈ ಊರಿನ ಹೆಸರು ಕೇಳಿದರೆ ಮೊದಲು ನೆನಪಾಗುವುದು ಆ ವರ್ಷದ ದರ. ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇರುವ ಊರು ಇದು. ಮಗಳ ಮದುವೆ, ಮಗನ ಕಾಲೇಜು ಫೀಸು, ಸೊಸೈಟಿ ಸಾಲದ ಮರುಪಾವತಿ ಎಲ್ಲವೂ ಇಲ್ಲಿ ಸಿಗುವ ದರಕ್ಕೆ ಕಟ್ಟುಬಿದ್ದಿರುತ್ತವೆ.

ಹವಾಮಾನ ಬದಲಾವಣೆ ಕುರಿತ ಜಗಳ ನೋಡಬೇಕೆಂದರೆ ದೆಹಲಿಯ ಸಭಾಂಗಣಕ್ಕೋ ವಿದೇಶದ ಸಮ್ಮೇಳನಕ್ಕೋ ಹೋಗಬೇಕೆಂದು ನಾವು ಅಂದುಕೊಳ್ಳುತ್ತೇವೆ. ಆ ಜಗಳ ಅತಿ ಗಟ್ಟಿಯಾಗಿ, ಅತಿ ಪ್ರಾಮಾಣಿಕವಾಗಿ ನಡೆಯುತ್ತಿರುವ ಜಾಗಗಳಲ್ಲಿ ಕಂಪಲಾಪುರದ ಸುತ್ತಲಿನ ಈ ಕೆಂಪು ಮಣ್ಣಿನ ಬಯಲೂ ಒಂದು. ಇಲ್ಲಿ ಯಾರೂ ಗ್ರಾಫ್ ತೋರಿಸುವುದಿಲ್ಲ. ಆದರೆ ಮಾತಿನ ಒಂದು ತುದಿಯಲ್ಲಿ ಮಳೆ ಇರುತ್ತದೆ, ಇನ್ನೊಂದು ತುದಿಯಲ್ಲಿ ಸೌದೆ.

ಮೊದಲು ಮಾರುಕಟ್ಟೆಯ ಒಳಗೆ ಹೋಗೋಣ. ಸೆಪ್ಟೆಂಬರ್ ಕೊನೆಗೋ ಅಕ್ಟೋಬರಿಗೋ ಶುರುವಾಗುವ ಹರಾಜು ಫೆಬ್ರುವರಿ–ಮಾರ್ಚಿನವರೆಗೂ ನಡೆಯುತ್ತದೆ. ಗೇಟಿನ ಹೊರಗೆ ಬೇಲುಗಳನ್ನು ಹೇರಿಕೊಂಡ ಗೂಡ್ಸ್ ಆಟೊ, ಟ್ರ್ಯಾಕ್ಟರ್‌ಗಳ ಸಾಲು. ಒಳಗೆ ಎತ್ತರದ ಛಾವಣಿಯ ಉದ್ದನೆಯ ಶೆಡ್ಡು, ನೆಲದ ಮೇಲೆ ಗೋಣಿತಾಟು ಬಿಚ್ಚಿಟ್ಟ ಬೇಲುಗಳು. ಕಿತ್ತಳೆ ಛಾಯೆಯ ಹಳದಿ ಎಲೆಯಿಂದ ಹಿಡಿದು ಕಡುಗಂದು ಎಲೆಯವರೆಗೂ ಬಣ್ಣಗಳ ಮೆಟ್ಟಿಲು. ಒಣ ಹುಲ್ಲು, ಬೆಲ್ಲ, ಹಳೆಯ ಮರ ಎಲ್ಲ ಬೆರೆತಂಥ ವಾಸನೆ ಅಂಗಿಗೆ ಹತ್ತಿಕೊಂಡರೆ ಸಂಜೆಯವರೆಗೂ ಬಿಡುವುದಿಲ್ಲ. ಪ್ರತಿ ಬೇಲಿಗೂ ತೂಕ, ಗ್ರೇಡು, ಬೆಳೆಗಾರನ ಸಂಖ್ಯೆ. ಕಂಪನಿಗಳ ಖರೀದಿದಾರರು ಎಲೆ ಮುಟ್ಟಿ, ಮೂಸಿ, ಕೈಯಲ್ಲಿರುವ ಯಂತ್ರದಲ್ಲಿ ದರ ಒತ್ತುತ್ತಾ ಮುಂದೆ ಸಾಗುತ್ತಾರೆ. ಎಲ್ಲ ಮುಗಿಯುವುದು ಕ್ಷಣಾರ್ಧದಲ್ಲಿ. ಬೆಳೆಗಾರ ತನ್ನ ಬೇಲಿನ ಪಕ್ಕ ಕೈಕಟ್ಟಿ ನಿಂತಿರುತ್ತಾನೆ. ಯಾರೂ ದರ ಒತ್ತದಿದ್ದರೆ ‘ನೋ ಬಿಡ್’; ಬೇಲು ಬಂದ ಗಾಡಿಯಲ್ಲೇ ವಾಪಸು.

ಈ ವ್ಯವಸ್ಥೆಗೆ ನಲವತ್ತು ವರ್ಷ ದಾಟಿದೆ. 1975ರ ತಂಬಾಕು ಮಂಡಳಿ ಕಾಯ್ದೆಯಡಿ 1976ರ ಜನವರಿ 1ರಂದು ಗುಂಟೂರಿನಲ್ಲಿ ಮಂಡಳಿ ಶುರುವಾಯಿತು. ಕರ್ನಾಟಕದಲ್ಲಿ ಮಂಡಳಿಯ ಹರಾಜು 1984ರಿಂದ ನಡೆಯುತ್ತಿದೆ. ಎಷ್ಟು ಬೆಳೆಯಬೇಕು, ಯಾರು ಬೆಳೆಯಬೇಕು ಎಂಬುದನ್ನು ಮಂಡಳಿಯೇ ನಿರ್ಧರಿಸುತ್ತದೆ. ಲೈಸೆನ್ಸ್ ಇದ್ದವರು ಕಾರ್ಡುದಾರರು, ಇಲ್ಲದವರು ಅನಧಿಕೃತ ಬೆಳೆಗಾರರು. ರಾಜ್ಯದಲ್ಲಿ ಕಾರ್ಡುದಾರರೇ ಸುಮಾರು ನಲವತ್ತು ಸಾವಿರ. ಅವರಲ್ಲಿ ಬಹುಪಾಲು ಜನ ಈ ನಾಲ್ಕು ತಾಲ್ಲೂಕಿನವರು.

ಶೆಡ್ಡಿನಲ್ಲಿ ಕೊಂಚ ಹೊತ್ತು ನಿಂತು ಕೇಳಿಸಿಕೊಂಡರೆ ಒಂದು ವಿಷಯದಲ್ಲಿ ಭಿನ್ನಾಭಿಪ್ರಾಯವೇ ಇಲ್ಲ ಎಂದು ತಿಳಿಯುತ್ತದೆ. ಮಳೆ ಹದ ತಪ್ಪಿದೆ. ಇದನ್ನು ಒಪ್ಪದ ರೈತ ಈ ಭಾಗದಲ್ಲಿ ನನಗೆ ಸಿಕ್ಕಿಲ್ಲ. ಇಲ್ಲಿನ ತಂಬಾಕು ಪೂರ್ತಿ ಮಳೆಯಾಶ್ರಿತ. ಮಾರ್ಚ್–ಏಪ್ರಿಲಿನಲ್ಲಿ ಸಸಿಮಡಿ, ಮೇ–ಜೂನಿನಲ್ಲಿ ನಾಟಿ, ಜುಲೈಯಿಂದ ಸೊಪ್ಪು ಮುರಿಯುವ ಕೆಲಸ. ಭರಣಿ ಮಳೆ ಬಂದರೆ ಭೂಮಿ ಹಸನು, ಕೃತ್ತಿಕೆ–ರೋಹಿಣಿಯಲ್ಲಿ ನಾಟಿ ಎಂಬ ಅಂದಾಜಿನ ಮೇಲೆ ತಲೆಮಾರುಗಳು ಬದುಕಿದವು. 2018 ಮತ್ತು 2019ರ ಆಗಸ್ಟಿನಲ್ಲಿ ಕೊಡಗು ಕುಸಿದು ನಲುಗಿತು. 2019ರಲ್ಲಿ ಲಕ್ಷ್ಮಣತೀರ್ಥ ಉಕ್ಕಿ ಹುಣಸೂರಿನ ತಗ್ಗಿಗೆ ನೀರು ನುಗ್ಗಿತು. ತಂಬಾಕಿನ ಬೇರಿಗೆ ನಿಂತ ನೀರು ಆಗದು, ಗಿಡ ನಿಂತಲ್ಲೇ ಜೋತುಬೀಳುತ್ತದೆ. ಮತ್ತೆ 2023 ಬಂತು. ಆ ವರ್ಷದ ಆಗಸ್ಟ್, ದೇಶದಲ್ಲಿ 1901ರಿಂದ ದಾಖಲಾದ ಆಗಸ್ಟ್‌ಗಳಲ್ಲೇ ಅತಿ ಒಣಗಿದ್ದು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತ ಎಂದು ಘೋಷಿಸಿತು. ಒಂದು ವರ್ಷ ನೀರಿನಲ್ಲಿ, ಇನ್ನೊಂದು ವರ್ಷ ನೀರಿಲ್ಲದೆ.

ಹಾಗಾದರೆ ಜಗಳ ಯಾವುದು? ಅದನ್ನು ನೋಡಲು ಹೆದ್ದಾರಿ ಬಿಟ್ಟು ಯಾವುದಾದರೂ ಊರಿನ ದಾರಿ ಹಿಡಿಯಬೇಕು.

ಹೊಲದ ಅಂಚಿನಲ್ಲಿ, ಮನೆಯ ಹಿತ್ತಿಲಿನಲ್ಲಿ, ಎಲ್ಲಿ ನೋಡಿದರೂ ಕಿಟಕಿಯಿಲ್ಲದ ಚೌಕಾಕಾರದ ಎತ್ತರದ ಕಟ್ಟಡಗಳು. ಇವೇ ಬ್ಯಾರನ್‌ಗಳು. ಮೇಲೆ ಹೆಂಚೋ ಶೀಟೋ, ಗೋಡೆಯ ಕೆಳಗೆ ಒಲೆಯ ಬಾಯಿ. ಒಳಗೆ ನೆಲದುದ್ದಕ್ಕೂ ಹಾಸಿದ ತಗಡಿನ ಕೊಳವೆಯಲ್ಲಿ ಬೆಂಕಿಯ ಕಾವು ಹರಿದಾಡುತ್ತದೆ, ಹೊಗೆ ಚಿಮಣಿಯಿಂದ ಹೊರಗೆ ಹೋಗುತ್ತದೆ. ಮುರಿದು ತಂದ ಹಸಿ ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ, ಅಡ್ಡ ಮರಗಳ ಮೇಲೆ ಅಂತಸ್ತು ಅಂತಸ್ತಾಗಿ ತೂಗುಹಾಕುತ್ತಾರೆ. ಮೊದಲು ಎಲೆ ಹಳದಿಗೆ ತಿರುಗುವಷ್ಟು ಸಣ್ಣ ಕಾವು, ಆಮೇಲೆ ಬಣ್ಣ ನಿಲ್ಲುವಷ್ಟು, ಕೊನೆಗೆ ನಡುನಾರು ಒಣಗಲು 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬೆಂಕಿ. ಐದಾರು ದಿನ, ಹಗಲೂ ರಾತ್ರಿ ಒಲೆ ಆರಬಾರದು. ಕಾವು ಏರಿದರೆ ಎಲೆ ಕಪ್ಪಾಗುತ್ತದೆ, ಇಳಿದರೆ ಮಚ್ಚೆ ಬೀಳುತ್ತದೆ. ಆ ದಿನಗಳಲ್ಲಿ ಮನೆಯ ಒಬ್ಬರಾದರೂ ಬ್ಯಾರನ್ ಬಾಗಿಲಲ್ಲೇ ಮಲಗುತ್ತಾರೆ. ಕಡ್ಡಿ ಕಟ್ಟುವುದು, ಒಣಗಿದ ಎಲೆಯನ್ನು ಬಣ್ಣ ನೋಡಿ ಬೇರೆ ಮಾಡುವುದು ಬಹುಪಾಲು ಹೆಂಗಸರ ಕೆಲಸ. ಅಂಗೈಗೆ ಹತ್ತಿದ ಅಂಟು ಸೋಪಿಗೆ ಜಗ್ಗುವುದಿಲ್ಲ. ಹಸಿ ಸೊಪ್ಪಿನ ತೇವ ಮೈಗೆ ಇಳಿದು ತಲೆಸುತ್ತು, ವಾಂತಿ ಬರುವುದನ್ನು ಇಲ್ಲಿನ ಹೆಂಗಸರು ಕೆಲಸದ ಭಾಗವೆಂದೇ ಸಹಿಸಿಕೊಂಡಿದ್ದಾರೆ. ಲಾಭ–ನಷ್ಟದ ಯಾವ ಪಟ್ಟಿಯಲ್ಲೂ ಈ ಕೈಗಳ ಲೆಕ್ಕ ಸೇರಿಲ್ಲ ಎಂಬುದು ನನ್ನನ್ನು ಬಹಳ ಕಾಡುವ ಸಂಗತಿ.

ಬ್ಯಾರನ್ ಪಕ್ಕದಲ್ಲೇ ಸೌದೆಯ ರಾಶಿ. ಜಗಳ ಹೊತ್ತಿಕೊಳ್ಳುವುದು ಇಲ್ಲಿ.

ಒಂದು ಕಿಲೋ ಎಲೆ ಹದವಾಗಿ ಹೊರಬರಲು ಸುಮಾರು ನಾಲ್ಕೈದು ಕಿಲೋ ಸೌದೆ ಬೇಕು. ಒಂದು ಬ್ಯಾರನ್ನಿನಲ್ಲಿ ಹಂಗಾಮಿಗೆ ಎರಡು ಸಾವಿರ ಕಿಲೋ ಎಲೆ ಹದವಾಯಿತು ಎಂದಿಟ್ಟುಕೊಂಡರೆ ಎಂಟರಿಂದ ಹತ್ತು ಟನ್ ಸೌದೆ, ಅಂದರೆ ಒಂದು ಲಾರಿ ಲೋಡು. ರಾಜ್ಯಕ್ಕೆ ಮಂಡಳಿ ನಿಗದಿ ಮಾಡುವ ಬೆಳೆ ಇತ್ತೀಚಿನ ವರ್ಷಗಳಲ್ಲಿ 10 ಕೋಟಿ ಕಿಲೋ ಆಸುಪಾಸು. ಗುಣಿಸಿ ನೋಡಿದರೆ ವರ್ಷಕ್ಕೆ ನಾಲ್ಕರಿಂದ ಐದು ಲಕ್ಷ ಟನ್ ಸೌದೆ ಬೂದಿಯಾಗುತ್ತದೆ. ಇಷ್ಟು ಮರ ಎಲ್ಲಿಂದ ಬರುತ್ತದೆ? ಕೊಡಗಿನ ಕಾಫಿ ತೋಟಗಳ ಸಿಲ್ವರ್ ಓಕ್ ಮತ್ತು ನೆರಳು ಮರದ ಕೊಂಬೆ, ಖಾಸಗಿ ಜಮೀನಿನ ನೀಲಗಿರಿ, ಸರ್ವೆ, ಅಕೇಶಿಯ, ಹೊಲದ ಬದುವಿನ ಮರಗಳು. ಜೂನ್–ಜುಲೈಯಲ್ಲಿ ಈ ರಸ್ತೆಗಳಲ್ಲಿ ನಿಂತವರಿಗೆ ದಿಮ್ಮಿ ತುಂಬಿದ ಲಾರಿಗಳು ಎಣಿಸಲಾಗದಷ್ಟು ಕಾಣುತ್ತವೆ.

ಪರಿಸರದ ಪರ ಮಾತಾಡುವವರ ವಾದ ನೇರ. ಒಣ ಸೌದೆಯ ತೂಕದಲ್ಲಿ ಅರ್ಧದಷ್ಟು ಇಂಗಾಲ. ಸುಟ್ಟರೆ ಅದು ಗಾಳಿಗೆ. ಮರ ಹೋದರೆ ನೆರಳು, ತೇವ, ಮಣ್ಣಿನ ಹಿಡಿತ ಎಲ್ಲ ಹೋಗುತ್ತದೆ. ಕೊಡಗು ಕಾವೇರಿಯ ಜಲಾನಯನ. ಅಲ್ಲಿ ಬೆಟ್ಟದ ಮೇಲೆ ಮರ ತೆಳುವಾದರೆ ಇಲ್ಲಿ ಹಾರಂಗಿ, ಲಕ್ಷ್ಮಣತೀರ್ಥಗಳ ಗತಿ ಬದಲಾಗುತ್ತದೆ. ಮಳೆ ಕೆಟ್ಟಿತೆಂದು ದೂರುವ ಊರೇ ಅದನ್ನು ಕೆಡಿಸುವ ಕೆಲಸದಲ್ಲಿ ಕೈಜೋಡಿಸುತ್ತಿದೆ ಎಂದು ಅವರು ಹೇಳುತ್ತಾರೆ.

ಬೆಳೆಗಾರರ ಉತ್ತರವೂ ಹಗುರವಾದದ್ದಲ್ಲ. ನಾವು ಕಾಡಿಗೆ ಹೋಗಿ ಕಡಿಯುವುದಿಲ್ಲ, ದುಡ್ಡು ಕೊಟ್ಟು ತರುತ್ತೇವೆ. ನೀಲಗಿರಿ ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಸುಟ್ಟ ಇಂಗಾಲವನ್ನು ಆ ಚಿಗುರೇ ಹೀರಿಕೊಳ್ಳುತ್ತದೆ. ‘ಕಾರಿನಲ್ಲಿ ಎಸಿ ಹಾಕ್ಕೊಂಡು ಬಂದೋರು ನಮ್ಮ ಒಲೆ ಹೊಗೆ ಲೆಕ್ಕ ಹಾಕ್ತಾರಲ್ಲ ಸ್ವಾಮಿ’ ಎಂಬಂಥ ಮಾತು ಬಂದಾಗ ತಲೆತಗ್ಗಿಸದೆ ವಿಧಿಯಿಲ್ಲ. ಭೂಮಿ ಬಿಸಿಯಾದದ್ದಕ್ಕೆ ಅತಿ ಹೆಚ್ಚು ಹೊಣೆ ಹೊರಬೇಕಾದವರು ಎರಡೆಕರೆಯ ರೈತರಂತೂ ಅಲ್ಲ.

ಎರಡೂ ಕಡೆ ಅರ್ಧ ಸತ್ಯವಿದೆ ಎಂದು ಹೇಳಿ ಎದ್ದುಬರುವುದು ಸುಲಭ. ಅದು ನನಗೆ ಒಪ್ಪಿಗೆಯಿಲ್ಲ. ಚಿಗುರಿನ ಲೆಕ್ಕ ಸರಿಯಾಗುವುದು ಕಡಿದಷ್ಟೇ ಮರ ಬೆಳೆದಾಗ ಮಾತ್ರ. ಕಾಫಿ ತೋಟದ ಹಳೆಯ ನೆರಳು ಮರ ಉರುಳಿದರೆ ಅಷ್ಟೇ ಇಂಗಾಲ ಹಿಡಿಯುವ ಮರ ಮತ್ತೆ ನಿಲ್ಲಲು ಹಲವು ದಶಕ ಬೇಕು. ಬೇಡಿಕೆ ಮಾತ್ರ ಪ್ರತಿ ಜುಲೈಗೂ ಹೊಸದು. ಇನ್ನು ನೀಲಗಿರಿಯ ಕಥೆ. ಅಂತರ್ಜಲ ಕುಸಿತದ ಕಾರಣಕ್ಕೆ ರಾಜ್ಯ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಆ ನಿರ್ಧಾರ ಸರಿಯಾದದ್ದೇ. ಆದರೆ ಒಂದು ಇಲಾಖೆ ಸೌದೆಯ ಮೂಲಕ್ಕೆ ಬೀಗ ಹಾಕಿತು, ಇನ್ನೊಂದು ಕಡೆ ಮಂಡಳಿ ಎಂದಿನಂತೆ ಕೋಟ್ಯಂತರ ಕಿಲೋ ಎಲೆಗೆ ಅನುಮತಿ ಕೊಡುತ್ತಾ ಹೋಯಿತು. ಆ ಎಲೆ ಯಾವ ಮರದಿಂದ ಬೇಯಬೇಕು ಎಂಬ ಪ್ರಶ್ನೆಯನ್ನು ರೈತನ ತಲೆಗೆ ಕಟ್ಟಿದ್ದೇವೆ.

ಸೌದೆ ಉಳಿಸುವ ದಾರಿಗಳು ಇಲ್ಲದೇ ಇಲ್ಲ. ಹುಣಸೂರಿನಲ್ಲಿರುವ ತಂಬಾಕು ಸಂಶೋಧನಾ ಕೇಂದ್ರ ಈ ಮಣ್ಣಿಗೆ ತಳಿಗಳನ್ನು ಕೊಟ್ಟಿರುವಂತೆ ಬ್ಯಾರನ್‌ಗಳ ಬಗ್ಗೆಯೂ ಕೆಲಸ ಮಾಡಿದೆ. ಛಾವಣಿಗೆ ಕಾವು ಸೋರದ ಹೊದಿಕೆ, ಗೋಡೆಯ ಬಿರುಕಿಗೆ ಗಾರೆ, ಸುಧಾರಿತ ಒಲೆ, ಕಾಫಿ ಹೊಟ್ಟಿನಂಥ ಉಳಿಕೆಗಳ ಬಳಕೆ. ಮಂಡಳಿ ಸಸಿಗಳನ್ನು ಹಂಚುತ್ತದೆ. ಆದರೂ ಬಿರುಕು ಬಿಟ್ಟ ಗೋಡೆ, ತೂತು ಬಿದ್ದ ಛಾವಣಿಯ ಹಳೆಯ ಬ್ಯಾರನ್ನುಗಳು ದಾರಿಯುದ್ದಕ್ಕೂ ಕಾಣುತ್ತವೆ. ದರ ಬಿದ್ದ ವರ್ಷ ರಿಪೇರಿಗೆ ಕಾಸಿರುವುದಿಲ್ಲ, ದರ ಎದ್ದ ವರ್ಷ ಹಳೆಯ ಸಾಲ ತೀರಿಸಬೇಕಿರುತ್ತದೆ.

ಈ ಹಳ್ಳಿಯ ಜಗಳಕ್ಕೆ ಜಗತ್ತಿನ ಜಗಳವೂ ಬಂದು ಸೇರಿಕೊಂಡಿದೆ. ಭಾರತ 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದಕ್ಕೆ ಅನುಮೋದನೆ ಕೊಟ್ಟಿತು. ಬೆಳೆಗಾರರಿಗೆ ಬದಲಿ ಜೀವನೋಪಾಯ ಕಲ್ಪಿಸಬೇಕು ಎನ್ನುವುದು ಅದರ 17ನೇ ವಿಧಿ, ಪರಿಸರ ಕಾಪಾಡಬೇಕು ಎನ್ನುವುದು 18ನೇ ವಿಧಿ. 2016ರ ನವೆಂಬರಿನಲ್ಲಿ ಆ ಒಪ್ಪಂದದ ಏಳನೇ ಸಮ್ಮೇಳನ ಗ್ರೇಟರ್ ನೊಯ್ಡಾದಲ್ಲಿ ಸೇರಿದಾಗ ತಂಬಾಕು ಬೆಳೆಗಾರರು ಪ್ರತಿಭಟಿಸಿದರು. ನಮ್ಮ ಬದುಕಿನ ಬಗ್ಗೆ ನಡೆಯುವ ಮಾತಿನಲ್ಲಿ ನಮಗೇಕೆ ಜಾಗವಿಲ್ಲ ಎಂಬುದು ಅವರ ಪ್ರಶ್ನೆ. 2022ರ ತಂಬಾಕುರಹಿತ ದಿನದಂದು ವಿಶ್ವ ಆರೋಗ್ಯ ಸಂಸ್ಥೆ ಪರಿಸರದ ಲೆಕ್ಕ ಬಿಚ್ಚಿಟ್ಟಿತು: ಜಗತ್ತಿನಲ್ಲಿ ತಂಬಾಕಿಗಾಗಿ ವರ್ಷಕ್ಕೆ 60 ಕೋಟಿ ಮರ, 2 ಲಕ್ಷ ಹೆಕ್ಟೇರ್ ಭೂಮಿ, 2,200 ಕೋಟಿ ಟನ್ ನೀರು, 8.4 ಕೋಟಿ ಟನ್ ಇಂಗಾಲದ ಡೈಆಕ್ಸೈಡ್. ಮರುವರ್ಷ ಅದರ ಘೋಷಣೆ, ನಮಗೆ ಬೇಕಾದದ್ದು ಅನ್ನ, ತಂಬಾಕಲ್ಲ ಎಂದಾಗಿತ್ತು. ಆದರೆ ಅದೇ 2023–24ರಲ್ಲಿ ದೇಶದ ತಂಬಾಕು ರಫ್ತು 12 ಸಾವಿರ ಕೋಟಿ ರೂಪಾಯಿ ದಾಟಿತು. ಬರದಿಂದ ಇಳುವರಿ ಕುಸಿದು ದರ ಮೇಲೆದ್ದಿತು. ಬೆಳೆ ಕೆಡಿಸಿದ ವರ್ಷವೇ ಕೈಗೆ ಹೆಚ್ಚು ದರ ಕೊಟ್ಟರೆ, ಬಿಡು ಎನ್ನುವ ಮಾತು ರೈತನ ಕಿವಿಗೆ ಹೇಗೆ ಬೀಳಬೇಕು?

ಹುಣಸೂರಿನಿಂದ ದಕ್ಷಿಣಕ್ಕೆ, ಹನಗೋಡು ದಾಟಿ ವೀರನಹೊಸಹಳ್ಳಿ ಕಡೆ ಹೋದರೆ ನಾಗರಹೊಳೆ ಕಾಡಿನ ಅಂಚು. ಎಚ್.ಡಿ. ಕೋಟೆಯಲ್ಲೂ ಇದೇ ಚಿತ್ರ: ಒಂದು ಬದಿ ಹುಲಿ ಮೀಸಲು ಪ್ರದೇಶ, ಇನ್ನೊಂದು ಬದಿ ಹೊಲ. ಇಲ್ಲಿ ತಂಬಾಕಿನ ಪರ ಇನ್ನೊಂದು ವಾದ ಸಿಗುತ್ತದೆ. ರಾಗಿ, ಜೋಳ, ಬಾಳೆ ಹಾಕಿದರೆ ರಾತ್ರಿ ಆನೆ ಬಂದು ಮುಗಿಸುತ್ತದೆ. ಹಂದಿ ಅಗೆದು ಹಾಕುತ್ತದೆ. ಹೊಗೆಸೊಪ್ಪಿಗೆ ಯಾವ ಪ್ರಾಣಿಯೂ ಬಾಯಿ ಹಾಕುವುದಿಲ್ಲ. ಬದಲಿ ಬೆಳೆಯ ಪಟ್ಟಿ ಬರೆಯುವ ಕಚೇರಿಗಳಲ್ಲಿ ಈ ಆನೆಗೆ ಜಾಗ ಸಿಕ್ಕದಿದ್ದರೆ ಆ ಪಟ್ಟಿಯಿಂದ ಕಾಡಂಚಿನ ರೈತನಿಗೆ ಉಪಯೋಗವಿಲ್ಲ. ಕೆ.ಆರ್. ನಗರದ ಕಾಲುವೆ ಬಯಲಿನಲ್ಲಿ ಭತ್ತವಿದೆ, ಅಲ್ಲಿ ಆಯ್ಕೆಯೂ ಇದೆ. ಪಿರಿಯಾಪಟ್ಟಣದ ಬೆಟ್ಟದಪುರದ ಸುತ್ತಿನ ಬೆದ್ದಲು ಭೂಮಿಗೆ ಆ ಭಾಗ್ಯವಿಲ್ಲ. ನಾಲ್ಕೂ ತಾಲ್ಲೂಕಿಗೆ ಒಂದೇ ಮದ್ದು ಹೇಳುವವರು ಒಮ್ಮೆ ಈ ದಾರಿಯಲ್ಲಿ ನಡೆದು ನೋಡಬೇಕು.

ಬದಲಿ ಎಂದಾಗ ಮೊದಲು ಬರುವ ಹೆಸರು ಶುಂಠಿ. ದರ ಏರಿದ ವರ್ಷ ಊರೆಲ್ಲ ಶುಂಠಿ, ಕೊಳೆರೋಗ ಬಂದ ವರ್ಷ ಊರೆಲ್ಲ ಸಾಲ. ಮುಸುಕಿನ ಜೋಳ ಸುಲಭ, ಲಾಭ ತೆಳು. ಇನ್ನು ರಾಗಿ. ನನ್ನ ಮನಸ್ಸಿರುವುದು ಇದರ ಮೇಲೆ, ಆದ್ದರಿಂದ ಲೆಕ್ಕ ಬಿಡಿಸುತ್ತೇನೆ. 2024–25ರಲ್ಲಿ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,290 ರೂಪಾಯಿ ಇತ್ತು. ಆ ಬೆಲೆಯಲ್ಲಿ ಎಕರೆಗೆ ಹತ್ತು ಕ್ವಿಂಟಲ್ ಬಂದರೆ ನಲವತ್ತೆರಡು ಸಾವಿರದ ಒಂಬೈನೂರು. ತಂಬಾಕು ಎಕರೆಗೆ ಐನೂರು ಕಿಲೋ ಬಂದು, ಕಿಲೋಗೆ 250 ರೂಪಾಯಿ ಸಿಕ್ಕರೆ ಒಂದು ಲಕ್ಷದ ಇಪ್ಪತ್ತೈದು ಸಾವಿರ. ಸೌದೆ, ಕೂಲಿ, ಗೊಬ್ಬರದ ಖರ್ಚು ಕಳೆದಾಗ ಅಂತರ ಬಹಳ ಕುಗ್ಗುತ್ತದೆ. ಆದರೂ ತಂಬಾಕು ಮುಂದೆಯೇ. ರಾಗಿ ಬರ ತಡೆಯುತ್ತದೆ, ಬ್ಯಾರನ್ ಬೇಡ, ಸೌದೆ ಬೇಡ, ಹುಲ್ಲು ದನಕ್ಕಾಗುತ್ತದೆ, ಕಾಳು ಮನೆಗಾಗುತ್ತದೆ. ಕೆಡುತ್ತಿರುವ ಮಳೆಗೆ ಇದಕ್ಕಿಂತ ಒಳ್ಳೆಯ ಉತ್ತರ ಈ ಮಣ್ಣಿನಲ್ಲಿ ಇಲ್ಲ. ಹಾಗಿದ್ದೂ ಬೆಳೆಗಾರ ತಂಬಾಕನ್ನೇ ಹಿಡಿದಿರುವುದು ದರದ ಆಸೆಯಿಂದ ಮಾತ್ರವಲ್ಲ.

ಕಾರಣ ತಿಳಿಯಲು ಮತ್ತೆ ಆ ಶೆಡ್ಡಿನ ವ್ಯವಸ್ಥೆಯನ್ನೇ ನೋಡಬೇಕು. ತಂಬಾಕಿಗೆ ಒಂದು ಖಾಯಂ ಅಂಗಳವಿದೆ. ಸರ್ಕಾರದ ತಕ್ಕಡಿಯಿದೆ. ಎಲ್ಲರ ಕಣ್ಣೆದುರು ತೀರ್ಮಾನವಾಗುವ ದರವಿದೆ. ದುಡ್ಡು ನೇರ ಬ್ಯಾಂಕ್ ಖಾತೆಗೆ. ಕಾರ್ಡು ತೋರಿಸಿದರೆ ಬ್ಯಾಂಕ್ ಸಾಲ ಕೊಡುತ್ತದೆ, ಗೊಬ್ಬರ ಮಂಡಳಿಯ ಮೂಲಕ ಬರುತ್ತದೆ. ದರದ ಬಗ್ಗೆ ಪ್ರತಿ ವರ್ಷ ಗಲಾಟೆ, ಹರಾಜು ನಿಲ್ಲಿಸಿ ರಸ್ತೆ ತಡೆ ಇದ್ದದ್ದೇ. ಆದರೂ ಕೊಳ್ಳುವವರು ಬರುತ್ತಾರೆ ಎಂಬ ನಂಬಿಕೆ ಗಟ್ಟಿ. ರಾಗಿ ಖರೀದಿ ಕೇಂದ್ರ ಯಾವಾಗ ತೆರೆಯುತ್ತದೆ, ನೋಂದಣಿ ಯಾವಾಗ ಮುಚ್ಚುತ್ತದೆ, ಒಬ್ಬರಿಂದ ಎಷ್ಟು ಕೊಳ್ಳುತ್ತಾರೆ ಎಂಬುದು ವರ್ಷಕ್ಕೊಂದು ಬಗೆ. ಆಹಾರ ಬೆಳೆಯುವವನು ಮಧ್ಯವರ್ತಿಯ ಮರ್ಜಿ ಕಾಯಬೇಕು, ಶ್ವಾಸಕೋಶ ಸುಡುವ ಎಲೆ ಬೆಳೆಯುವವನಿಗೆ ಮಾತ್ರ ರಾಷ್ಟ್ರಮಟ್ಟದ ಮಂಡಳಿ. ಈ ವಿಪರೀತವನ್ನು ಕಟ್ಟಿದ್ದು ರೈತರಲ್ಲ, ನಮ್ಮ ಸರ್ಕಾರಗಳು.

ಆದ್ದರಿಂದ ನಿಷೇಧಿಸಿ ಎನ್ನುವವರ ಜೊತೆಗೂ ನಾನಿಲ್ಲ, ಹೀಗೇ ನಡೆಯಲಿ ಎನ್ನುವವರ ಜೊತೆಗೂ ಇಲ್ಲ. ತಂಬಾಕು ಕಡಿಮೆಯಾಗಲೇಬೇಕು. ದೇಶದಲ್ಲಿ ವರ್ಷಕ್ಕೆ ಹದಿಮೂರು ಲಕ್ಷಕ್ಕೂ ಹೆಚ್ಚು ಜನರನ್ನು ಕೊಲ್ಲುವ, ಲಕ್ಷಗಟ್ಟಲೆ ಟನ್ ಮರ ಸುಡುವ ಬೆಳೆಗೆ ಹದ ತಪ್ಪಿದ ಮಳೆಯ ಈ ಕಾಲದಲ್ಲಿ ಭವಿಷ್ಯವಿಲ್ಲ. ಆದರೆ ಅದರ ಬೆಲೆಯನ್ನು ಎರಡೆಕರೆಯವನೊಬ್ಬನೇ ತೆರಬಾರದು. ಎಲೆ ಕೊಳ್ಳುವ ಕಂಪನಿಗಳಿವೆ, ಸಿಗರೇಟಿನ ತೆರಿಗೆ ಎಣಿಸುವ ಖಜಾನೆಗಳಿವೆ, ರಫ್ತಿನ ಹೆಮ್ಮೆ ಹೇಳಿಕೊಳ್ಳುವ ಸಚಿವಾಲಯವಿದೆ. ಹಳೆಯ ಬ್ಯಾರನ್ ಸುಧಾರಿಸುವ ಖರ್ಚು ಇವರದ್ದು. ಎಲ್ಲಿಂದ ಬಂದ ಸೌದೆ ಎಂಬ ದಾಖಲೆಯಿಲ್ಲದೆ ಬೇಲು ಕೊಳ್ಳದಿರುವ ಹೊಣೆಯೂ ಖರೀದಿದಾರರದ್ದು. ಸ್ವಇಚ್ಛೆಯಿಂದ ಕಾರ್ಡು ಒಪ್ಪಿಸುವ ಬೆಳೆಗಾರನಿಗೆ ಗೌರವದ ಪರಿಹಾರ ಸಿಗಬೇಕು. 2015–16ರಿಂದ ಕೇಂದ್ರ ಸರ್ಕಾರದ ಬೆಳೆ ವೈವಿಧ್ಯ ಕಾರ್ಯಕ್ರಮ ತಂಬಾಕು ಬೆಳೆಯುವ ರಾಜ್ಯಗಳಿಗೂ ಬಂದಿದೆ. ಬೀಜ, ಸಲಕರಣೆ ಕೊಟ್ಟರೆ ಸಾಲದು, ಮಾರುಕಟ್ಟೆ ಕೊಡಬೇಕು.

ಕಂಪಲಾಪುರ ನೋಡಬೇಕೆನ್ನುವವರು ಅಕ್ಟೋಬರಿನಿಂದ ಜನವರಿಯೊಳಗೆ, ಬೆಳಗಿನ ಹೊತ್ತು ಹೋಗಿ. ಮೈಸೂರಿನಿಂದ ಹುಣಸೂರು ಮಾರ್ಗವಾಗಿ ಬಸ್ಸುಗಳು ಧಾರಾಳ. ಹರಾಜಿನ ಶೆಡ್ಡಿಗೆ ಅನುಮತಿ ಕೇಳಿ ಒಳಹೋಗಿ, ಬೇಲಿನ ಪಕ್ಕ ನಿಂತವರ ಮಾತು ಕೇಳಿ, ಒಂದು ಬ್ಯಾರನ್ನಿನ ಒಲೆಯ ಮುಂದೆಯೂ ನಿಲ್ಲಿ. ಆಮೇಲೆ ನಿಮ್ಮ ಶಾಸಕರಿಗೆ, ಸಂಸದರಿಗೆ ಒಂದು ಪತ್ರ ಬರೆಯಿರಿ: ಹರಾಜು ಮುಗಿದ ಮೇಲೆ ಈ ಅಂಗಳ ತಿಂಗಳುಗಟ್ಟಲೆ ಖಾಲಿ ಬಿದ್ದಿರುತ್ತದೆ, ಅದೇ ಛಾವಣಿಯಡಿ, ಅದೇ ತಕ್ಕಡಿಯಲ್ಲಿ, ಬೆಂಬಲ ಬೆಲೆಗೆ ಕಡಿಮೆಯಿಲ್ಲದಂತೆ, ತಂದಷ್ಟೂ ರಾಗಿಯನ್ನು ಪ್ರತಿ ವರ್ಷ ಕೊಳ್ಳಿ ಎಂದು.